ಗಗನಚುಕ್ಕಿಗೆ ಹೋಗೋದು ಯಾವಾಗ? 1902ರಿಂದ ಶುರು ಮಾಡೋಣ

ಇಯರ್‌ಫೋನ್ ಹಾಕ್ಕೊಂಡ್ರಾ? ಸರಿ, ಶುರು ಮಾಡೋಣ.

ಮಳೆ ಬಿದ್ದ ಕೂಡಲೇ ನನಗೆ ಬರೋ ಮೆಸೇಜ್ ಒಂದೇ: "ಒಂದು ದಿನದ ಟ್ರಿಪ್ಪು, ಎಲ್ಲಿಗೆ ಹೋಗೋಣ?" ನನ್ನ ಉತ್ತರ ಶಿವನಸಮುದ್ರ. ಬೆಂಗಳೂರಿಂದ ಕನಕಪುರ, ಮಳವಳ್ಳಿ ದಾರಿಯಲ್ಲಿ ಸುಮಾರು 130 ಕಿ.ಮೀ. ಕಾವೇರಿ ಇಲ್ಲಿ ಎರಡಾಗಿ ಒಡೆದು ಕಣಿವೆಗೆ ಬೀಳ್ತಾಳೆ. ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ. ಆದರೆ ಏಪ್ರಿಲ್‌ನಲ್ಲಿ ಹೋದರೆ ಬರೀ ಬಂಡೆ ನೋಡ್ಕೊಂಡು ಬರ್ತೀರಿ. ಯಾಕೆ ಅನ್ನೋದಕ್ಕೆ ಬಿಸಿಲೊಂದೇ ಉತ್ತರ ಅಲ್ಲ.

ಕಥೆ ಶುರುವಾಗೋದು ಕೋಲಾರದ ಚಿನ್ನದ ಗಣಿಯಿಂದ. ಅಲ್ಲಿ ಆಗ ಎಲ್ಲ ಯಂತ್ರಗಳೂ ಉಗಿಯಲ್ಲಿ ಓಡ್ತಿದ್ದವು. ಉಗಿಗೆ ಕಲ್ಲಿದ್ದಲು, ಸೌದೆ ಬೇಕು, ಅದು ದುಬಾರಿ. ಗಣಿ ಬ್ರಿಟಿಷ್ ಕಂಪನಿಗಳದ್ದು, ಮೈಸೂರು ಸರ್ಕಾರಕ್ಕೆ ಬರ್ತಿದ್ದದ್ದು ರಾಯಲ್ಟಿ. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಡಿ ಲೋಟ್ಬಿನಿಯರ್ ಹಾಕಿದ ಲೆಕ್ಕ ಏನು ಗೊತ್ತಾ? ಜಲಪಾತದಿಂದ ಕರೆಂಟ್ ತೆಗೆದು ಗಣಿಗೆ ಮಾರೋದು. ಬಿ.ಕಾಂ. ಓದಿದ ನನಗೆ ಇದರಲ್ಲಿ ಬಹಳ ಇಷ್ಟವಾಗೋದು ಇದೇ: ಗಿರಾಕಿ ಯಾರು ಅನ್ನೋದು ಮೊದಲೇ ಗೊತ್ತಿತ್ತು.

ಜಲಪಾತದ ಮೇಲ್ಗಡೆ ನದಿಗೆ ಅಡ್ಡಕಟ್ಟೆ ಹಾಕಿ, ನೀರನ್ನ ಕಾಲುವೆಗೆ ತಿರುಗಿಸಿದರು. ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಸುಮಾರು 400 ಅಡಿ ಕೆಳಗೆ. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಹತ್ತಿರದ ರೈಲ್ವೆ ಸ್ಟೇಷನ್ ಅಂದ್ರೆ ಮದ್ದೂರು. ಅಲ್ಲಿಂದ ಆ ಭಾರವನ್ನೆಲ್ಲ ಆನೆ, ಎತ್ತುಗಳು ಎಳೆದವು. 1902ರ ಜೂನ್ 30ರಂದು ಕರೆಂಟ್ ಹರಿಯಿತು. ಗಣಿವರೆಗೆ 147 ಕಿ.ಮೀ. ಲೈನು; ಜಗತ್ತಿನ ಅತಿ ಉದ್ದದ ಲೈನುಗಳ ಸಾಲಿಗೆ ಸೇರಿದ್ದು. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಗಮನಿಸಿ, ಮೊದಲು ಬೆಳಕು ಕಂಡದ್ದು ರಾಜಧಾನಿ ಮೈಸೂರಲ್ಲ, ಬೆಂಗಳೂರೂ ಅಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ನಮ್ಮವರು ಇದನ್ನ "ಏಷ್ಯಾದಲ್ಲೇ ಮೊದಲು" ಅಂತ ಹೇಳಿಕೊಳ್ಳೋಕೆ ಇಷ್ಟಪಡ್ತಾರೆ. ನನಗೆ ಆ ಪೈಪೋಟಿಗಿಂತ, ಮೂರು ವರ್ಷ ಯಾರು ಕಾದರು ಅನ್ನೋದೇ ದೊಡ್ಡ ವಿಷಯ.

ಇನ್ನು ಸಮಸ್ಯೆ. ಗಣಿಗೆ ವರ್ಷಪೂರ್ತಿ ಕರೆಂಟ್ ಬೇಕು, ಕಾವೇರಿ ಬೇಸಿಗೆಯಲ್ಲಿ ಸೊರಗ್ತಾಳೆ. ನೀರು ಕೂಡಿಡದೆ ಬೇರೆ ದಾರಿ ಇರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗೋಕೆ ಇದೂ ಒಂದು ಮುಖ್ಯ ಕಾರಣ. ಮಂಡ್ಯದ ಗದ್ದೆಗಳ ಕಥೆ ನಮಗೆಲ್ಲ ಗೊತ್ತು, ಚಿನ್ನದ ಗಣಿಯ ಈ ಕಥೆ ಶಾಲೆಯಲ್ಲಿ ನನಗಂತೂ ಯಾರೂ ಹೇಳಲಿಲ್ಲ. 2001ರಲ್ಲಿ ಕೋಲಾರದ ಆ ಗಣಿಗಳು ಮುಚ್ಚಿದವು. ಕಟ್ಟೆ ಇದೆ, ಪವರ್‌ಹೌಸೂ ಇದೆ. ಮೇಲಿಂದ, ಬೆಂಗಳೂರಿನ ನಲ್ಲಿಗೆ ಬರೋ ಕಾವೇರಿ ನೀರನ್ನೂ ಶಿವನಸಮುದ್ರದ ಹತ್ತಿರದಿಂದಲೇ ಎತ್ತಿ, ತೊರೆಕಾಡನಹಳ್ಳಿಯಲ್ಲಿ ಪಂಪ್ ಮಾಡ್ತಾರೆ. ಅಂದ್ರೆ ನೀವು ಬೆಳಿಗ್ಗೆ ಸ್ನಾನ ಮಾಡಿ ಹೊರಡೋ ನೀರು, ಬಂಡೆ ಮೇಲೆ ಬೀಳಬೇಕಾಗಿದ್ದ ನೀರೇ.

ಹಾಗಾಗಿ ಪ್ಲಾನ್ ಇಷ್ಟು. ಜುಲೈಯಿಂದ ಅಕ್ಟೋಬರ್ ಒಳಗೆ ಹೋಗಿ. ಹೊರಡೋ ಮುಂಚೆ ಹವಾಮಾನದ ಆಪ್ ಅಲ್ಲ, ಕೆ.ಆರ್.ಎಸ್. ಮತ್ತು ಕಬಿನಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅಂತ ನ್ಯೂಸಲ್ಲಿ ನೋಡಿ. ಗಗನಚುಕ್ಕಿಯನ್ನ ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ನೋಡಿ, ಆಮೇಲೆ ಸುತ್ತಿಕೊಂಡು ಭರಚುಕ್ಕಿಗೆ ಬನ್ನಿ. ಬಂಡೆಗಳ ಮೇಲೆ ಇಳೀಬೇಡಿ, ರೀಲ್ಸ್‌ಗೋಸ್ಕರ ಅಂತೂ ಬೇಡವೇ ಬೇಡ. ನಿಮ್ಮ ತಲೆ ಮೇಲೆ ಮಳೆ ಇಲ್ಲದಿದ್ರೂ ಮೇಲಿನಿಂದ ಬಿಟ್ಟ ನೀರು ಬಂದೇ ಬರುತ್ತೆ. ಟೈಮ್ ಉಳಿದ್ರೆ ತಲಕಾಡು ಹತ್ತಿರದಲ್ಲೇ ಇದೆ, ಮರಳಲ್ಲಿ ಹೂತ ಗುಡಿಗಳು. ಅದರ ಕಥೆ ಮುಂದಿನ ವಾರ.