ಮುಪ್ಪಿನ ಗಣಿತ: ಮುಂಬಯಿಯ ಇತಿಹಾಸ

ಮನುಷ್ಯನ ದೇಹ ಯಾವ ವೇಗದಲ್ಲಿ ಮುಪ್ಪಾಗುತ್ತದೆ ಎಂಬುದನ್ನು ಸಮೀಕರಣಗಳಿಂದ ಅಳೆಯುವ ವಿದ್ಯೆ ಮುಂಬಯಿಗೆ ಬಂದದ್ದು ವಿಮಾ ಕಂಪನಿಗಳ ಲೆಕ್ಕದ ಪುಸ್ತಕಗಳ ಮೂಲಕ.

ಮೂಲಸೂತ್ರ 1825ರದು. ಸಾವನ್ನು ತಡೆದು ನಿಲ್ಲುವ ಕಸುವು ಸಮಾನ ಅವಧಿಗಳಲ್ಲಿ ಸಮಾನ ಪ್ರಮಾಣದಲ್ಲಿ ಕ್ಷಯಿಸುತ್ತದೆಂದು ಲಂಡನ್ನಿನ ಬೆಂಜಮಿನ್ ಗಾಂಪರ್ಟ್ಜ್ ವಾದಿಸಿದರು. ಹಾಗಾದರೆ ಸಾವಿನ ಸಂಭವ ಘಾತೀಯವಾಗಿ ಏರಬೇಕು. ವಯಸ್ಕರಲ್ಲಿ ಅದು ಸುಮಾರು 8 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮುಂಬಯಿಯ ದಹಿಸರ್‌ನ ನಿವಾಸಿಯೊಬ್ಬರು 35ರ ಬದಲು 43ರಲ್ಲಿ ಪಾಲಿಸಿ ಮಾಡಿಸಿದರೆ ಕಂತು ಹೆಚ್ಚುವುದರ ಹಿಂದೆ ಈ ಏರಿಕೆಯೇ ಇದೆ. ಅಪಘಾತದಂಥ, ವಯಸ್ಸು ನೋಡದ ಸಾವುಗಳಿಗಾಗಿ 1860ರಲ್ಲಿ ವಿಲಿಯಂ ಮೇಕ್‌ಹ್ಯಾಮ್ ಒಂದು ಸ್ಥಿರಾಂಕ ಸೇರಿಸಿದರು.

ಸೂತ್ರವಿತ್ತು, ತುಂಬಲು ಭಾರತೀಯರ ಅಂಕಿಗಳಿರಲಿಲ್ಲ. ವಿದೇಶಿ ಕಂಪನಿಗಳು ಭಾರತೀಯರ ಮೇಲೆ ಹೆಚ್ಚುವರಿ ಕಂತು ಹೇರುತ್ತಿದ್ದವು. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್ ಸಾಮಾನ್ಯ ದರದಲ್ಲೇ ಅವರಿಗೆ ವಿಮೆ ಕೊಟ್ಟಿತು. 1874ರಲ್ಲಿ ಮುಂಬಯಿಯಲ್ಲೇ ಆರಂಭವಾದ ಓರಿಯೆಂಟಲ್ ಕಂಪನಿಯ ಪಾಲಿಸಿದಾರರ 1925-35ರ ಸಾವುಗಳಿಂದ ಒಂದು ಮರಣ ಕೋಷ್ಟಕ ಸಿದ್ಧವಾಯಿತು. 1956ರಲ್ಲಿ ಸ್ಥಾಪನೆಯಾದ ಎಲ್‌ಐಸಿ ಕೂಡ ಬಹುಕಾಲ ಅದನ್ನೇ ನೆಚ್ಚಿತ್ತು; ಅದರ ಸ್ವಂತ ಕೋಷ್ಟಕ 1970-73ರ ಅನುಭವದ ಮೇಲೆ ನಿಂತಿತು. ಇವೆಲ್ಲ ವಿಮೆ ಕೊಳ್ಳಬಲ್ಲವರ ಮುಪ್ಪಿನ ಚಿತ್ರ ಎಂಬುದನ್ನು ಮರೆಯಬಾರದು. ಗಿರಣಿ ಕೂಲಿಗಳ, ಹಳ್ಳಿಯ ಹೆಂಗಸರ ಮುಪ್ಪಿಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ.

ಭೌತವಿಜ್ಞಾನದ ಯೋಚನೆ ತಡವಾಗಿ ಬಂತು. ಪರಮಾಣು ಸರಣಿ ಕ್ರಿಯೆಯ ಲಿಯೋ ಸಿಲಾರ್ಡ್ 1959ರಲ್ಲಿ, ವರ್ಣತಂತುಗಳಿಗೆ ಯಾದೃಚ್ಛಿಕವಾಗಿ ಬೀಳುವ ಪೆಟ್ಟುಗಳೇ ಮುಪ್ಪಿಗೆ ಕಾರಣವೆಂದು ಲೆಕ್ಕ ಹಾಕಿದರು. ಮರುವರ್ಷ ಸ್ಟ್ರೆಹ್ಲರ್ ಮತ್ತು ಮಿಲ್ಡ್ವಾನ್ ಇನ್ನೂ ಸೊಗಸಾದ ಮಾದರಿ ಕೊಟ್ಟರು: ದೇಹಕ್ಕೆ ತಗಲುವ ಆಘಾತಗಳು ಅನಿಲದ ಅಣುಗಳ ಶಕ್ತಿಯಂತೆ ಹಂಚಿಹೋಗಿರುತ್ತವೆ, ಚೇತರಿಕೆಯ ಶಕ್ತಿ ನೇರ ರೇಖೆಯಲ್ಲಿ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಗಾಂಪರ್ಟ್ಜ್ ಏರಿಕೆ ತಾನಾಗಿ ಮೂಡುತ್ತದೆ.

ಭಾರತದಲ್ಲಿ ಈ ಸೂತ್ರಗಳಿಗೆಲ್ಲ ಒಂದು ದೊಡ್ಡ ತೊಡಕು ವಯಸ್ಸೇ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರು ಜನಗಣತಿಯವರಿಗೆ 60, 65, 70 ಎಂದು ಅಂದಾಜಿನಲ್ಲಿ ಹೇಳುತ್ತಾರೆ. ಆ ಸಂಖ್ಯೆಗಳಲ್ಲೇ ಜನ ಗುಂಪುಗೂಡುತ್ತಾರೆ. ಅದಕ್ಕೇ ದೇಹವನ್ನೇ ಅಳೆಯುವ ದಾರಿ ಇಲ್ಲಿ ಬಹಳ ಮುಖ್ಯ. 2001ರಲ್ಲಿ ಕೆನಡಾದ ಮಿಟ್ನಿಟ್‌ಸ್ಕಿ, ರಾಕ್‌ವುಡ್ ಮತ್ತು ಸಂಗಡಿಗರು, ಒಬ್ಬರಲ್ಲಿ ಆರೋಗ್ಯದ ಎಷ್ಟು ಕೊರತೆಗಳು ಕೂಡಿಕೊಂಡಿವೆ ಎಂದು ಎಣಿಸುವ ಸೂಚ್ಯಂಕ ರೂಪಿಸಿದರು. ಮುಂಬಯಿಯ ದೇವನಾರ್‌ನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ಮೊದಲ ಸುತ್ತು ನಡೆಸಿದ ‘ಲಾಸಿ’ (ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನ) ಸಮೀಕ್ಷೆಯಲ್ಲಿ 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಜನರ ಮಾಹಿತಿ ಸಂಗ್ರಹವಾಯಿತು. ಕೈಹಿಡಿತದ ಬಲ, ನಡಿಗೆಯ ವೇಗ, ರಕ್ತದೊತ್ತಡ, ಶ್ವಾಸಕೋಶದ ಸಾಮರ್ಥ್ಯವನ್ನು ಮನೆಬಾಗಿಲಲ್ಲೇ ಅಳೆದರು. ಕೊರತೆಯ ಸೂಚ್ಯಂಕವನ್ನು ಸಂಶೋಧಕರು ಈಗ ಈ ದತ್ತಾಂಶದಿಂದಲೂ ಕಟ್ಟುತ್ತಿದ್ದಾರೆ. ಮುಂಬಯಿಯ ಆಚೆಗೂ ಈ ಕೆಲಸ ನಡೆದಿದೆ: ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದೆ.