ಸಾಲು ಸಾಲಾಗಿ ಟೈಪ್ ಮಾಡಿ ಕಲಿತ ಕೆಮಿಸ್ಟ್ರಿ

1960ರ ದಶಕದಲ್ಲಿ ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಯಂತ್ರ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ರಸಾಯನ ವಿಜ್ಞಾನಿಗಳು ತಮ್ಮ ಲೆಕ್ಕವನ್ನು ತೂತು ಹೊಡೆದ ಕಾರ್ಡುಗಳಲ್ಲಿ ಕೊಟ್ಟು, ಉತ್ತರಕ್ಕೆ ಸರದಿ ಕಾಯಬೇಕಿತ್ತು.

1977ರಲ್ಲಿ ಆಪಲ್-2 ಬಂತು. ಯಂತ್ರ ಮೇಷ್ಟರ ಮೇಜಿಗೇ ಬಂದು ಕೂತಿತು. ಅದರ ಅತಿ ಚಿಕ್ಕ ಮಾದರಿಯ ಮೆಮೊರಿ ಬರೀ 4 ಕೆಬಿ. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೊ ಕೂಡ ಅಷ್ಟರಲ್ಲಿ ಹಿಡಿಯದು. ಇಷ್ಟು ಸಣ್ಣ ಯಂತ್ರದಿಂದ ರಸಾಯನಶಾಸ್ತ್ರಕ್ಕೆ ಏನು ಪ್ರಯೋಜನ? ಉತ್ತರವಾಗಿ ಪುಸ್ತಕಗಳು ಬಂದವು. ಶಿಕಾಗೋದ ಪ್ರಾಧ್ಯಾಪಕ ಪೀಟರ್ ಲೈಕೋಸ್ ಸಂಪಾದಿಸಿದ ‘ಪರ್ಸನಲ್ ಕಂಪ್ಯೂಟರ್ಸ್ ಇನ್ ಕೆಮಿಸ್ಟ್ರಿ’ 1981ರಲ್ಲಿ ಪ್ರಕಟವಾಯಿತು. ಐಬಿಎಂ ಪಿಸಿ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ.

ಆ ಕಾಲದ ಇಂಥ ಹಲವು ಪುಸ್ತಕಗಳಲ್ಲಿ ಪ್ರೋಗ್ರಾಮನ್ನು ಪೂರ್ತಿಯಾಗಿ ಅಚ್ಚು ಹಾಕುತ್ತಿದ್ದರು. ಓದುಗರೇ ಅದನ್ನು ಟೈಪ್ ಮಾಡಿಕೊಳ್ಳಬೇಕು. ಹೆಚ್ಚಾಗಿ ಬಳಸುತ್ತಿದ್ದದ್ದು 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಹುಟ್ಟಿದ ಬೇಸಿಕ್ ಭಾಷೆ. ಸಾಲುಗಳಿಗೆ 10, 20, 30 ಎಂದು ನಂಬರ್ ಹಾಕುತ್ತಿದ್ದರು. ಮರೆತ ಸಾಲನ್ನು ನಡುವೆ ಸೇರಿಸಲು ಜಾಗ ಇರಲಿ ಅಂತ. ಒಂದು ಅಲ್ಪವಿರಾಮ ತಪ್ಪಿದರೂ ಯಂತ್ರ ನಿಂತುಬಿಡುತ್ತಿತ್ತು.

ವಿನೆಗರಿನ ಹುಳಿ, ಅಂದರೆ ಪಿಎಚ್ ಎಷ್ಟು ಎಂಬ ಲೆಕ್ಕವನ್ನೇ ನೋಡಿ. ಮೊದಲು ಒಂದು ಅಂದಾಜು. ಅದನ್ನು ಸಮೀಕರಣಕ್ಕೆ ಹಾಕಿ ನೋಡುವುದು. ಎಷ್ಟು ತಪ್ಪಿತೋ ಅಷ್ಟು ತಿದ್ದಿ ಮತ್ತೆ ಹಾಕುವುದು. ಕೈಯಲ್ಲಿ ಮಾಡಿದರೆ ಬೇಸರದ ಕೆಲಸ, ಯಂತ್ರಕ್ಕೆ ಬೇಸರವಿಲ್ಲ. ಆದರೆ ಆ ಹತ್ತಿಪ್ಪತ್ತು ಸಾಲು ಟೈಪ್ ಮಾಡಿದವರಿಗೆ ಉತ್ತರದ ಜೊತೆ ಅದು ಬಂದ ದಾರಿಯೂ ತಿಳಿಯುತ್ತಿತ್ತು. ಪುಸ್ತಕದಲ್ಲಿ ತಪ್ಪಿದ್ದರೆ ಹಿಡಿಯುವ ಅವಕಾಶವೂ ಇತ್ತು.

ನಮ್ಮಲ್ಲೂ ಎಂ.ಎಸ್ಸಿ. ಕೆಮಿಸ್ಟ್ರಿ ಪಠ್ಯಕ್ರಮಕ್ಕೆ ಪ್ರೋಗ್ರಾಮಿಂಗ್ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಜಾರಾಮನ್ ಅವರ ಫೋರ್ಟ್ರಾನ್ ಪುಸ್ತಕ, ಕೆಮಿಸ್ಟ್ರಿ ವಿದ್ಯಾರ್ಥಿಗಳು ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲೂ ಕಾಣಿಸಿಕೊಂಡಿತು.

ಆಮೇಲೆ ಪ್ರೋಗ್ರಾಮ್‌ಗಳು ಫ್ಲಾಪಿಯಲ್ಲಿ, ನಂತರ ಇಂಟರ್ನೆಟ್‌ನಲ್ಲಿ ಸಿದ್ಧವಾಗಿಯೇ ಸಿಗತೊಡಗಿದವು. ಟೈಪ್ ಮಾಡುವ ಕಷ್ಟ ತಪ್ಪಿತು. ಜೊತೆಗೆ ಲೆಕ್ಕದ ಒಳಗು ಕಣ್ಣಿಂದ ಮರೆಯಾಯಿತು. ಇವತ್ತು ಮಣ್ಣು ಪರೀಕ್ಷೆಯ ಅಂಕಿ ಹಾಕಿದರೆ ಗೊಬ್ಬರ ಎಷ್ಟು ಬೇಕೆಂದು ಆ್ಯಪ್ ಹೇಳುತ್ತದೆ. ಯಾವ ಸೂತ್ರದಿಂದ ಹೇಳಿತು ಎಂದು ಕೇಳಲು ಎಂ.ಎಸ್ಸಿ. ಆಗಿರಬೇಕಿಲ್ಲ. ದುಡ್ಡು ನಮ್ಮದು, ಹೊಲವೂ ನಮ್ಮದು.