ಸವಾಯಿ ಮಾಧವರಾಯನ ಭಾವಚಿತ್ರ

ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ 1792ರಲ್ಲಿ ಪುಣೆಯಲ್ಲಿ ರಚಿಸಿದ ಸವಾಯಿ ಮಾಧವರಾಯ ಪೇಶ್ವೆಯ ತೈಲಚಿತ್ರವು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಕ್ಕೆ ಸೇರಿದೆ. ಪೇಶ್ವೆಗೆ ಆಗ ಹದಿನೆಂಟರ ವಯಸ್ಸು. ಆದರೆ ಚಿತ್ರದಲ್ಲಿ ಆತನೊಬ್ಬನೇ ಇಲ್ಲ. ಮಂತ್ರಿ ನಾನಾ ಫಡ್ನವೀಸನೂ ಜೊತೆಗೆ ಕುಳಿತಿದ್ದಾನೆ. ಈ ಸಹಾಸನವೇ ಚಿತ್ರದ ನಿಜವಾದ ವಸ್ತುವೆಂದು ನಮಗೆ ತೋರುತ್ತದೆ.

ಮಾಧವರಾಯನ ತಂದೆ ನಾರಾಯಣರಾಯನು 1773ರ ಆಗಸ್ಟ್‌ನಲ್ಲಿ ಶನಿವಾರವಾಡೆಯಲ್ಲಿ ಕೊಲೆಗೀಡಾದನು. ಮಗ ಹುಟ್ಟಿದ್ದು 1774ರ ಏಪ್ರಿಲ್‌ನಲ್ಲಿ, ಪುರಂದರ ಕೋಟೆಯಲ್ಲಿ. ನಲವತ್ತು ದಿನಗಳ ಶಿಶುವಿಗೇ ಪೇಶ್ವೆ ಪದವಿಯನ್ನು ಕಟ್ಟಲಾಯಿತು. (ಹೆಸರಿಗೆ ರಾಜನಾಗಿದ್ದವನು ಸಾತಾರೆಯ ಛತ್ರಪತಿಯೇ ಎಂಬುದನ್ನು ಇಲ್ಲಿ ನೆನೆಯಬೇಕು.) ಚಿಕ್ಕಜ್ಜ ರಘುನಾಥರಾಯನನ್ನು ದೂರವಿಟ್ಟು ಶಿಶುವಿನ ಹೆಸರಿನಲ್ಲಿ ಆಡಳಿತ ನಡೆಸಿದವರಲ್ಲಿ ನಾನಾ ಪ್ರಮುಖನು, ಶಿಶು ಯುವಕನಾದ ಮೇಲೂ ಸೂತ್ರವು ಅವನ ಕೈಯಲ್ಲಿಯೇ ಉಳಿಯಿತು.

ಚಿತ್ರದ ಚೌಕಟ್ಟಿನ ಹೊರಗೆ ಇನ್ನೊಬ್ಬ ಉತ್ತರಾಧಿಕಾರಿ ಇದ್ದನು. ರಘುನಾಥರಾಯನ ಮಗ ಬಾಜೀರಾಯನು ಮಾಧವರಾಯನಿಗಿಂತ ಒಂದು ವರ್ಷದೊಳಗಿನ ಅಂತರದಲ್ಲಿ ಹುಟ್ಟಿದವನು. 1793ರ ಹೊತ್ತಿಗೆ ಅವನು ತಾಯಿ ಆನಂದೀಬಾಯಿಯೊಡನೆ ನಾಸಿಕದ ಸಮೀಪದ ಆನಂದವಲ್ಲಿಯಲ್ಲಿ ನಾನಾನ ಕಾವಲಿನಲ್ಲಿದ್ದನು. ವೇಲ್ಸ್‌ನ ಚಿತ್ರದ ಶಾಂತ ಗಾಂಭೀರ್ಯವನ್ನು ಈ ಕಾವಲನ್ನು ಮರೆತು ಅರ್ಥೈಸಲಾಗದು.

ಕನ್ನಡನಾಡಿನ ಇತಿಹಾಸಕ್ಕೂ ಈ ಚಿತ್ರ ಹೊರತಲ್ಲ. 1790ರ ಜೂನ್‌ನಲ್ಲಿ ಟಿಪ್ಪುವಿನ ವಿರುದ್ಧ ಪುಣೆಯಲ್ಲಿ ಒಪ್ಪಂದವನ್ನು ಕುದುರಿಸಿದ ಇಂಗ್ಲಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನೇ ವೇಲ್ಸ್‌ನ ಪೋಷಕನು. ಆ ಒಪ್ಪಂದದ ಫಲವಾದ ಯುದ್ಧವು 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಮುಗಿದಾಗ ಟಿಪ್ಪುವಿನ ಇಬ್ಬರು ಮಕ್ಕಳು ಕಾರ್ನ್‌ವಾಲಿಸನಿಗೆ ಒತ್ತೆಯಾದರು. ರಾಬರ್ಟ್ ಹೋಮ್ ಆ ಪ್ರಸಂಗವನ್ನು ಚಿತ್ರಿಸಿದನು. ಅಲ್ಲಿ ಗೆದ್ದವನ ಮುಂದೆ ಸೋತವನ ಮಕ್ಕಳು, ಇಲ್ಲಿ ಮಂತ್ರಿಯ ಪಕ್ಕದಲ್ಲಿ ಒಡೆಯ. ಒಂದೇ ವರ್ಷದ ಈ ಎರಡು ಸಂದರ್ಭಗಳನ್ನು ಜೊತೆಯಿಟ್ಟು ನೋಡಿದಾಗ, ಗೆದ್ದ ಪಕ್ಷದ ಎಳೆಯ ಒಡೆಯನೂ ಅಷ್ಟೇನೂ ಸ್ವತಂತ್ರನಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪುಣೆಯಿಂದ ವೇಲ್ಸ್ ಎಲ್ಲೋರಕ್ಕೂ ಹೋದನು. ಇಂದಿನ ಛತ್ರಪತಿ ಸಂಭಾಜಿನಗರದ ಬಳಿಯ ಈ ಗುಹೆಗಳಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸ ದೇವಾಲಯವಿದೆ. ಪುಣೆಯ ಕಲಾವಿದ ಗಂಗಾರಾಮ ತಾಂಬಟನೂ ಇವುಗಳನ್ನು ಚಿತ್ರಿಸಿದ್ದನು. ಅವನ ಹೆಸರು ಬಹುಕಾಲ ಮರೆಯಲ್ಲಿ ಉಳಿದುದು ವಿಷಾದಕರ. 1795ರ ಅಕ್ಟೋಬರ್‌ನಲ್ಲಿ ಮಾಧವರಾಯನು ಶನಿವಾರವಾಡೆಯ ಮಹಡಿಯಿಂದ ಬಿದ್ದು ಮಡಿದನು. ನವೆಂಬರ್‌ನಲ್ಲಿ ವೇಲ್ಸ್ ತೀರಿಕೊಂಡನು. ಅವನ ಎಲ್ಲೋರದ ಚಿತ್ರಗಳನ್ನು ಥಾಮಸ್ ಡೇನಿಯಲ್ 1803ರಲ್ಲಿ ಪ್ರಕಟಿಸಿದನು. ಅಷ್ಟರಲ್ಲಿ ಆನಂದವಲ್ಲಿಯ ಆ ಹುಡುಗನು ಪೇಶ್ವೆಯಾಗಿ ಆರು ವರ್ಷಗಳು ಕಳೆದಿದ್ದವು.